ಎರಡು ಕಟ್ಟು, ಒಂದು ದಾರ

ನಮ್ಮ ತಂದೆಯವರು ತಾಲ್ಲೂಕು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದರು. ಅಣ್ಣ ಪಾಲು ಕೇಳಿ ತಮ್ಮನ ಮೇಲೊಂದು ದಾವೆ ಹೂಡುವುದು, ತಮ್ಮ ಅದೇ ಜಮೀನಿಗೆ ಇಂಜಂಕ್ಷನ್ ಕೇಳಿ ಅಣ್ಣನ ಮೇಲೆ ಇನ್ನೊಂದು ಹೂಡುವುದು ನಮ್ಮ ಕಡೆ ಹೊಸದೇನಲ್ಲ. ಆಗ ವಕೀಲರು ಎದ್ದು, ಎರಡನ್ನೂ ಕ್ಲಬ್ ಮಾಡಬೇಕೆಂದು ಕೇಳುತ್ತಿದ್ದರು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇದಕ್ಕೆಂದೇ ಬರೆದ ಕಲಮಿರಲಿಲ್ಲ. 151ನೇ ಕಲಮಿನ ಅಂತರ್ಗತ ಅಧಿಕಾರವೇ ಆಧಾರ. ಆದೇಶವಾದ ಮೇಲೆ ಸಾಕ್ಷ್ಯವೆಲ್ಲ ಒಂದೇ ಕಡತದಲ್ಲಿ. ತಂದೆಯವರು ಎರಡೂ ಕಟ್ಟುಗಳನ್ನು ಒಂದೇ ದಾರದಲ್ಲಿ ಬಿಗಿಯುತ್ತಿದ್ದರು. ಆದರೆ ಒಂದರ ಹಾಳೆ ಇನ್ನೊಂದರೊಳಗೆ ಹೋಗಲು ಬಿಡುತ್ತಿರಲಿಲ್ಲ. "ದಾರ ಬಿಚ್ಚಿದರೆ ಎರಡೂ ಮೊದಲಿನ ಹಾಗೆ ಬೇರೆಯಾಗಬೇಕು ಕಣೋ" ಎನ್ನುತ್ತಿದ್ದರು. ನಾನು ಅದನ್ನು ಕಿವಿಗೆ ಹಾಕಿಕೊಂಡವನಲ್ಲ.

ನನ್ನ ಅನ್ನ ಬೆಂಗಳೂರಿನಲ್ಲಿ, ಅಮೆರಿಕದ ಮೊಕದ್ದಮೆಗಳ ಕಾಗದಪತ್ರ ಓದುವ ಕಚೇರಿಯಲ್ಲಿ. ಕಾಗದವೆಂದರೆ ಬಹುಪಾಲು ಈಮೇಲು. ತೆರೆಯ ಮೇಲೆ ಒಂದೊಂದನ್ನೇ ಓದಿ, ಇದು ಎದುರು ಪಕ್ಷಕ್ಕೆ ಕೊಡತಕ್ಕದ್ದು, ಇದು ವಕೀಲ ಮತ್ತು ಕಕ್ಷಿದಾರರ ನಡುವಿನ ಗುಟ್ಟು, ಕೊಡಕೂಡದು ಎಂದು ಗುರುತು ಹಾಕುವುದು ಕೆಲಸ. ಒಮ್ಮೆ ಒಂದೇ ಕಂಪನಿಯ ಮೇಲಿದ್ದ ಎರಡು ದಾವೆಗಳು ಅಲ್ಲಿ ಒಂದಾದವು. ನಮ್ಮಲ್ಲಿದ್ದ ಎರಡು ಡೇಟಾಬೇಸುಗಳನ್ನೂ ಸೇರಿಸಬೇಕಾಯಿತು.

ಸಾಫ್ಟ್‌ವೇರು ಪ್ರತಿ ಕಡತದ ಒಳಹೂರಣವನ್ನು ಲೆಕ್ಕ ಹಾಕಿ ಅದಕ್ಕೊಂದು ಹ್ಯಾಶ್ ಕೊಡುತ್ತದೆ. ಎಂಡಿ5 ಎಂಬ ಬಗೆಯದಾದರೆ 32 ಅಕ್ಷರ-ಅಂಕಿಗಳ ಸಾಲು. ಸಾಲು ಒಂದೇ ಆದರೆ ಕಡತವೂ ಒಂದೇ. ಒಂದು ಪ್ರತಿ ಉಳಿಸಿಕೊಂಡರೆ ಸಾಕು. ಆದರೆ ಹ್ಯಾಶಿಗೆ ಗೊತ್ತಿರುವುದು ಕಡತ ಮಾತ್ರ, ಅದರ ಮೇಲೆ ನಾವು ಹಾಕಿದ ಗುರುತಲ್ಲ. ರಾತ್ರಿ ಹನ್ನೊಂದಕ್ಕೆ ನಾನು ಎರಡನ್ನೂ ಸೇರಿಸಿ ನೆಮ್ಮದಿಯಾಗಿ ಮನೆಗೆ ಹೋದೆ.

ಮರುದಿನ ತಂಡದ ಕಿರಿಯ ಹುಡುಗಿ ಬಂದು, "ಸರ್, ಮೊದಲನೇದರಲ್ಲೇ ಗುಟ್ಟಿನವು 212 ಇದ್ವು. ಸೇರಿಸಿದ ಮೇಲೆ 209 ಇವೆ" ಎಂದಳು. ಸೇರಿಸಿದ್ದು ಕಡಿಮೆಯಾಗುವುದುಂಟೆ? ಹುಡುಕಿದೆವು. ಆ ಮೂರು ಈಮೇಲುಗಳಲ್ಲಿದ್ದ ಒಂದು ಹೆಸರು ಕಂಪನಿಯ ವಕೀಲರದೆಂದು ಎರಡನೇ ದಾವೆ ಓದಿದವರಿಗೆ ತಿಳಿದಿರಲಿಲ್ಲ. 'ಕೊಡತಕ್ಕದ್ದು' ಎಂದು ಗುರುತು ಹಾಕಿದ್ದರು. ಕೊನೆಗೆ ಬಂದ ಗುರುತು ಮೊದಲಿನದನ್ನು ಅಳಿಸಿತ್ತು. ಹಾಗಾಗಲೆಂದು ಆಯ್ಕೆ ಒತ್ತಿದವನು ನಾನೇ. ಕಡತಗಳು ಎದುರು ಪಕ್ಷಕ್ಕೆ ಹೋಗಲು ಎರಡು ದಿನವಿತ್ತು. ಕೈತಪ್ಪಿ ಹೋದದ್ದನ್ನು ಹಿಂದಕ್ಕೆ ಕೇಳಲು ಅವರ ಸಾಕ್ಷ್ಯ ನಿಯಮಗಳಲ್ಲಿ 2008ರಿಂದ 502ನೇ ನಿಯಮವಿದೆ ನಿಜ. ಆದರೆ ಓದಿದ ವಕೀಲ ಮರೆಯುತ್ತಾನೆಯೆ?

ಮೂರನ್ನೂ ಸರಿಪಡಿಸಿದರೆ ಸಾಕಿತ್ತು. ಸಾಕೆನಿಸಲಿಲ್ಲ. ಹಳೆಯ ಪ್ರತಿಗಳಿಂದ ಮತ್ತೆ ಸೇರಿಸಿದೆ. ಈ ಸಲ ಪ್ರತಿ ಕಡತಕ್ಕೂ ಎರಡು ಅಂಕಣ: ಮೊದಲ ದಾವೆಯ ಗುರುತು, ಎರಡನೇ ದಾವೆಯ ಗುರುತು. ಎರಡಕ್ಕೂ ಹೊಂದದ್ದು ನೇರ ವಕೀಲರ ಮುಂದೆ. ಮೇಲಿನವರು ಫೋನಿನಲ್ಲಿ, ದಾವೆ ಒಂದಾದ ಮೇಲೂ ಎರಡು ಅಂಕಣ ಯಾಕೆ ಎಂದರು. ಅಮೆರಿಕದ ವಕೀಲೆಯೇ ನನ್ನ ಪರ ನಿಂತರು. 2018ರಲ್ಲಿ ಹಾಲ್ ವಿರುದ್ಧ ಹಾಲ್ ಪ್ರಕರಣದಲ್ಲಿ ಅವರ ಸುಪ್ರೀಂ ಕೋರ್ಟು, ಒಂದುಗೂಡಿಸಿದರೂ ದಾವೆಗಳು ತಮ್ಮ ತಮ್ಮ ಗುರುತು ಕಳೆದುಕೊಳ್ಳುವುದಿಲ್ಲ ಎಂದಿತ್ತಂತೆ. ಅದೂ ಒಡಹುಟ್ಟಿದವರ ಜಗಳವೇ!

ಕೆಲವು ತಿಂಗಳಲ್ಲಿ ಮೊದಲ ದಾವೆ ರಾಜಿಯಾಯಿತು. ಅದರ ಕಡತಗಳನ್ನಷ್ಟೇ ತೆಗೆದುಹಾಕಬೇಕು, ಎರಡನೇದಕ್ಕೂ ಬೇಕಾದವು ಉಳಿಯಬೇಕು ಎಂದು ಸಂದೇಶ ಬಂತು. ಅಂಕಣ ಹಿಡಿದು ಬೇರೆ ಮಾಡಿದೆ. ಅರ್ಧ ಗಂಟೆಯ ಕೆಲಸ. ತಂದೆಯವರಿಗೆ ಹೇಳೋಣವೆಂದರೆ, ಅವರು ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು.