ಯಾವ ಕೈ ಎಂದು ಬರೆದಿದ್ದಾರಾ?

ನಮ್ಮ ಕಾಸರಗೋಡಿನಲ್ಲಿ ಈ ಕಾಯಿಲೆಗೆ ಹೆಸರಿನ ಬರವಿಲ್ಲ. ಪುಸ್ತಕದಲ್ಲಿ ಪಾರ್ಶ್ವವಾಯು, ಮನೆಯಲ್ಲಿ ಪಕ್ಷವಾತ, ಮಲಯಾಳದಲ್ಲಿ ಪಕ್ಷಾಘಾತಂ, ಈಗೀಗ ಎಲ್ಲರ ಬಾಯಲ್ಲೂ ಸ್ಟ್ರೋಕ್. ಪಾರ್ಶ್ವ ಅಂದರೂ ಪಕ್ಕ, ಪಕ್ಷ ಅಂದರೂ ಪಕ್ಕ. ಆದರೆ ಯಾವ ಪಕ್ಕ ಎಂದು ಈ ಹೆಸರುಗಳು ಹೇಳುವುದಿಲ್ಲ. ಅದನ್ನು ಹೇಳಬೇಕಾದದ್ದು ಆಸ್ಪತ್ರೆಯ ಕಾಗದ. ಅದೂ ಹೇಳದಿದ್ದರೆ ಏನಾಗುತ್ತದೆ ಎಂಬುದು ನಮಗೆ ಗೊತ್ತಾದದ್ದು ನಮ್ಮ ಶಾಲೆಯ ಅಡುಗೆಯ ಅಕ್ಕನಿಂದ.

ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುವ ಅಕ್ಕ ಅವರು. ಒಂದು ಮಳೆಗಾಲದಲ್ಲಿ ಸ್ಟ್ರೋಕ್ ಆಗಿ, ಗಡಿಯಾಚೆಯ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಜೀವ ಉಳಿಯಿತು. ಮನೆಗೆ ಬಂದ ಮೇಲೆ ನಾವು ನಾಲ್ಕು ಮಂದಿ ನೋಡಲು ಹೋದೆವು. ಅವರ ಮಗ ಡಿಸ್ಚಾರ್ಜ್ ಸಮ್ಮರಿ ತಂದು, "ಟೀಚರೇ, ಇದರಲ್ಲಿ ಏನು ಬರೆದಿದ್ದಾರೆ, ಒಮ್ಮೆ ನೋಡಿ" ಅಂದ. ರಕ್ತದೊತ್ತಡ, ಸಕ್ಕರೆ, ಸ್ಕ್ಯಾನು, ಗುಳಿಗೆ ಎಲ್ಲ ಇತ್ತು. ಸ್ಕ್ಯಾನಿನ ಸಾಲಿನಲ್ಲಿ ಮೆದುಳಿನ ಬಲಭಾಗದಲ್ಲಿ ರಕ್ತನಾಳ ಕಟ್ಟಿಕೊಂಡಿದೆ ಎಂದಿತ್ತು. ಕೈಕಾಲಿನ ಬಗ್ಗೆ ಮಾತ್ರ ಒಂದೇ ಶಬ್ದ: ವೀಕ್‌ನೆಸ್.

ಮಗನಿಗೆ ಗೊಂದಲ. ಅಮ್ಮನಿಗೆ ಏಳದಿರುವುದು ಎಡಗೈ, ಕಾಗದದಲ್ಲಿ ಬಲ ಅಂತಿದೆಯಲ್ಲ? ನಮ್ಮ ವಿಜ್ಞಾನದ ಮಾಷ್ಟ್ರು ಅಂಗಳದ ಮಣ್ಣಿನಲ್ಲೇ ಚಿತ್ರ ಬರೆದು ತೋರಿಸಿದರು. ಮೆದುಳಿನಿಂದ ಇಳಿಯುವ ನರಗಳು ಕುತ್ತಿಗೆಯ ಹತ್ತಿರ ಅಡ್ಡ ದಾಟುತ್ತವೆ. ಆದ್ದರಿಂದ ಬಲ ಮೆದುಳಿಗೆ ಏಟು ಬಿದ್ದರೆ ಸೋಲುವುದು ಎಡಗೈ, ಎಡಗಾಲು. ಅದು ಸರಿ. ಆದರೆ ಬರೀ 'ವೀಕ್‌ನೆಸ್' ಸಾಕಾ?

ಈ ಪ್ರಶ್ನೆಗೆ ಉತ್ತರ ಕೊಟ್ಟವಳು ನಮ್ಮದೇ ಕನ್ನಡ ಮಾಧ್ಯಮದಲ್ಲಿ ಕಲಿತ ಒಬ್ಬ ಹುಡುಗಿ. ಈಗ ಮಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ಕೆಲಸದಲ್ಲಿದ್ದಾಳೆ. ಅಮೆರಿಕದ ಆಸ್ಪತ್ರೆಗಳ ದಾಖಲೆ ಓದಿ, ಒಂದೊಂದು ಕಾಯಿಲೆಗೂ ಒಂದೊಂದು ಸಂಕೇತ ಹಾಕುವುದು ಅವಳ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಎಂಬ ಪಟ್ಟಿಗೆ ಅಮೆರಿಕದವರು ತಮ್ಮದೇ ವಿಸ್ತೃತ ರೂಪ ಮಾಡಿಕೊಂಡು, 2015ರ ಅಕ್ಟೋಬರ್ 1ರಿಂದ ಬಳಸುತ್ತಿದ್ದಾರೆ.

ಅವಳು ಫೋನಿನಲ್ಲಿ ಹೇಳಿದ್ದು ಇಷ್ಟು. ಕಾರಣವಿಲ್ಲದೆ, ಪಕ್ಕವಿಲ್ಲದೆ ವೀಕ್‌ನೆಸ್ ಎಂದು ಮಾತ್ರ ಬರೆದರೆ ಅದು ಆರ್53.1. ಅಂದರೆ ಸುಮ್ಮನೆ ನಿಶ್ಶಕ್ತಿ, ಜ್ವರ ಬಿಟ್ಟ ಮೇಲೆ ಇರುವಂಥದ್ದು. ಸ್ಟ್ರೋಕಿನಿಂದ ಒಂದು ಪಕ್ಕಕ್ಕೆ ಬಂದದ್ದು ಎಂದು ವೈದ್ಯರು ಸ್ಪಷ್ಟ ಬರೆದರೆ ಅದು ಹೆಮಿಪೆರೆಸಿಸ್ ಎಂದು ಲೆಕ್ಕ. ರಕ್ತನಾಳ ಕಟ್ಟಿಕೊಂಡು ಆದ ಸ್ಟ್ರೋಕಿನ ನಂತರ ಉಳಿದ ಅರ್ಧಾಂಗದ ಸೋಲಿಗೆ ಐ69.35 ಎಂಬ ಗುಂಪು. ಅದರ ಮುಂದೆ ಇನ್ನೊಂದು ಅಂಕೆ ಬೇಕು. ಬಲ ಪಕ್ಕ, ಅದೇ ರೂಢಿಯ ಕೈ ಆದರೆ 1. ಎಡ ಪಕ್ಕ, ಅದೇ ರೂಢಿಯ ಕೈ ಆದರೆ 2. ಬಲ, ರೂಢಿಯದ್ದಲ್ಲ, 3. ಎಡ, ರೂಢಿಯದ್ದಲ್ಲ, 4.

"ರೂಢಿಯ ಕೈ ಯಾವುದೆಂದು ಡಾಕ್ಟರು ಬರೆಯದಿದ್ದರೆ?" ಎಂದು ನಾವು ಕೇಳಿದೆವು. ಅದಕ್ಕೂ ನಿಯಮ ಇದೆಯಂತೆ. ಬಲ ಪಕ್ಕ ಸೋತಿದ್ದರೆ ಅದೇ ರೂಢಿಯದ್ದು ಎಂದು, ಎಡ ಪಕ್ಕ ಸೋತಿದ್ದರೆ ರೂಢಿಯದ್ದಲ್ಲ ಎಂದು ಹಿಡಿಯಬೇಕು.

ನಮಗೆ ಚುರುಕ್ ಎಂದಿತು. ಯಾಕೆಂದರೆ ನಮ್ಮ ಅಕ್ಕ ಎಡಗೈಯವರು! ಸೌಟು, ಕತ್ತಿ, ಹಿಡಿಸೂಡಿ ಎಲ್ಲ ಎಡಗೈಯಲ್ಲೇ. ಬಂದವರೆಲ್ಲ "ಎಡಗೈ ತಾನೆ, ಬಲಗೈ ಗಟ್ಟಿ ಇದೆಯಲ್ಲ, ದೇವರು ದೊಡ್ಡವನು" ಎಂದು ಹೇಳಿ ಹೋಗುತ್ತಿದ್ದರು. ಅಮೆರಿಕದ ನಿಯಮವೂ ನಮ್ಮ ಊರೂ ಒಂದೇ ಮಾತು ಹೇಳಿದಂತಾಯಿತು.

ಇನ್ನೊಂದು ತೊಡಕಿದೆ ನೋಡಿ. ಅಕ್ಕನಿಗೆ ಊಟ ಬಲಗೈಯಲ್ಲಿ, ಸಹಿಯೂ ಬಲಗೈಯಲ್ಲಿ. ಮೊದಲನೆಯದು ಮನೆಯ ಹಿರಿಯರ ಕಟ್ಟಳೆ, ಎರಡನೆಯದು ಹಿಂದಿನ ಕಾಲದ ಶಾಲೆಯ ಬೆತ್ತ. "ಯಾವ ಕೈಯಲ್ಲಿ ಉಣ್ಣುತ್ತೀರಿ?" ಎಂದು ಡಾಕ್ಟರು ಕೇಳಿದರೆ ಅಕ್ಕ ಬಲಗೈ ಅನ್ನುತ್ತಾರೆ, ಅದು ಸುಳ್ಳೂ ಅಲ್ಲ. ನಮ್ಮ ಕಡೆ ಕೇಳಬೇಕಾದದ್ದು "ಕತ್ತಿ ಯಾವ ಕೈಯಲ್ಲಿ ಹಿಡಿಯುತ್ತೀರಿ?" ಎಂದು.

ಮುಂದಿನ ತಪಾಸಣೆಗೆ ನಮ್ಮಲ್ಲಿ ಇಬ್ಬರು ಜೊತೆಗೆ ಹೋದೆವು. ಅಲ್ಲಿದ್ದ ಕಿರಿಯ ವೈದ್ಯರು ತಾಳ್ಮೆಯಿಂದ ಕೇಳಿಸಿಕೊಂಡರು. ಕೈ ಎತ್ತಿಸಿ, ಬೆರಳು ಮಡಚಿಸಿ ನೋಡಿ, ಹೊಸ ಕಾಗದದಲ್ಲಿ ಬರೆದುಕೊಟ್ಟರು: ಸ್ಟ್ರೋಕಿನಿಂದಾದ ಎಡ ಹೆಮಿಪೆರೆಸಿಸ್, ಎಡಗೈ ರೂಢಿಯ ಕೈ, ಅಡುಗೆ ಕೆಲಸ. ಇಂಥ ಕಾಗದ ಓದುವ ಕೋಡರ್ ಹಾಕಬೇಕಾದದ್ದು ಐ69.352, ಐ69.354 ಅಲ್ಲ.

ಒಂದು ಅಂಕೆಯಿಂದ ಏನಾಗುತ್ತದೆ ಮಾರಾಯ್ರೆ ಎಂದು ಕೇಳಬಹುದು. ಕಾಗದ ಸರಿಯಾದ ಮಾತ್ರಕ್ಕೆ ಕೈ ಸರಿಯಾಗಲಿಲ್ಲ, ನಿಜ. ಆದರೆ ಫಿಸಿಯೊಥೆರಪಿಯವರು ಅದನ್ನು ಓದಿ, ಎಡಗೈಯಲ್ಲಿ ಸೌಟು ಹಿಡಿಸುವ, ಮುಚ್ಚಳ ತೆಗೆಸುವ ಅಭ್ಯಾಸ ಶುರು ಮಾಡಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಲವು ಸೌಲಭ್ಯಗಳಿಗೆ ಶೇಕಡಾ 40ರ ಗೆರೆ ಇದೆ. ಅದನ್ನು ಅಳೆಯುವ ಮಂಡಳಿ ರೋಗಿಯನ್ನು ನೋಡುವುದು ಕೆಲವೇ ನಿಮಿಷ. ಗಡಿಯ ಈಚೆಗೆ ಬಂದರೆ ಅಲ್ಲಿ ಮಾತೆಲ್ಲ ಮಲಯಾಳ. ತುಳು ಮನೆಮಾತಿನ, ಕನ್ನಡ ಮಾತ್ರ ಓದಬಲ್ಲ ಅಕ್ಕ ಅಲ್ಲಿ ಎಷ್ಟು ಹೇಳಿಯಾರು? ಕನ್ನಡದ ಎಡಗೈ, ತುಳುವಿನ ದತ್ತ ಕೈ, ಮಲಯಾಳದ ಇಡಂಕೈ ಎಲ್ಲವನ್ನೂ ಅವರ ಪರವಾಗಿ ಹೇಳುವುದು ಆ ಒಂದು ಕಾಗದ.

ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ, ಡಿಸ್ಚಾರ್ಜ್ ದಿನ ಬಿಲ್ಲಿನ ಗಡಿಬಿಡಿಯಲ್ಲೂ ನಾಲ್ಕು ವಿಷಯ ನೋಡಿಕೊಳ್ಳಿ. ಸೋಲು ಸ್ಟ್ರೋಕಿನಿಂದ ಬಂದದ್ದು ಎಂದು ಬರೆದಿದ್ದಾರಾ? ಆ ಸ್ಟ್ರೋಕ್ ರಕ್ತನಾಳ ಕಟ್ಟಿ ಆದದ್ದೋ ಒಡೆದು ಆದದ್ದೋ ಎಂದಿದೆಯಾ? ಎಡವೋ ಬಲವೋ? ರೂಢಿಯ ಕೈ ಯಾವುದು? ಇಲ್ಲದಿದ್ದರೆ ವಿನಯದಿಂದ ಕೇಳಿ ಬರೆಸಿಕೊಳ್ಳಿ. ಇಂಗ್ಲಿಷ್ ಬರುವುದಿಲ್ಲವೆಂದು ಸಂಕೋಚ ಬೇಡ. ಹತ್ತಿರದ ಕನ್ನಡ ಶಾಲೆಗೆ ಕಾಗದ ಹಿಡಿದುಕೊಂಡು ಬನ್ನಿ, ಕೂತು ಒಟ್ಟಿಗೆ ಓದೋಣ.