ವಸಡಿನ ಸಾಕ್ಷ್ಯ

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲವೆಂದು ಹಿರಿಯರು ಹಲುಬಿದ್ದುಂಟು. ಆ ಹಳೆಯ ವ್ಯಾಜ್ಯವನ್ನು ದಂತವೈದ್ಯರು ಈಗ ಬಹುಮಟ್ಟಿಗೆ ಬಗೆಹರಿಸಿದ್ದಾರೆ. ಸ್ವೀಡನ್ ದೇಶದ ಬ್ರೋನೆಮಾರ್ಕ್ ಎಂಬ ವಿಜ್ಞಾನಿಯು 1950ರ ದಶಕದಲ್ಲಿ ಮೊಲದ ಎಲುಬಿನೊಳಗೆ ಟೈಟೇನಿಯಂ ಲೋಹದ ಸಾಧನವೊಂದನ್ನಿಟ್ಟು ರಕ್ತಸಂಚಾರವನ್ನು ಅಭ್ಯಸಿಸುತ್ತಿದ್ದರು. ಕೆಲಸ ಮುಗಿದು ಅದನ್ನು ಹೊರತೆಗೆಯಹೋದರೆ ಎಲುಬು ಬಿಟ್ಟುಕೊಡಲೊಲ್ಲದು. ಲೋಹವನ್ನು ತನ್ನದೆಂದೇ ಅಪ್ಪಿಕೊಂಡುಬಿಟ್ಟಿತ್ತು. ಈ ಅಪ್ಪುಗೆಯ ಬಲದಿಂದಲೇ 1965ರಲ್ಲಿ ಮನುಷ್ಯನ ದವಡೆಯಲ್ಲಿ ಟೈಟೇನಿಯಂ ಬೇರು ನೆಲೆಯೂರಿತು. ಇಂಪ್ಲಾಂಟ್ ಎಂಬ ಹೆಸರಿನ ಆ ಬೇರಿನ ಮೇಲೆ ಕೂರಿಸಿದ ಹಲ್ಲಿನಿಂದ ಕಡಲೆಯೇನು, ಕೋಡುಬಳೆಯನ್ನೂ ಕಡಿಯಬಹುದು.

ಎಲುಬೇನೋ ಒಪ್ಪಿತು, ವಸಡು ಮಾತ್ರ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಮುಂಬಲ್ಲೊಂದನ್ನು ಕಳೆದುಕೊಂಡ ತರುಣಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಮದುವೆಯ ವೇಳೆಗೆ ಹೊಸ ಹಲ್ಲು ಬಂದಿದೆ. ಪಿಂಗಾಣಿಯ ಆ ಹಲ್ಲು ನೆರೆಯ ಹಲ್ಲಿನ ಬಣ್ಣಕ್ಕೆ, ಹೊಳಪಿಗೆ, ಅದರ ಸಣ್ಣಪುಟ್ಟ ಊನಗಳಿಗೂ ಹೊಂದಿಕೊಂಡಿದೆ. ಆದರೂ ಛಾಯಾಗ್ರಾಹಕನು ನಗುವಂತೆ ಹೇಳಿದೊಡನೆ ಆಕೆಯ ಕೈ ಬಾಯಿಗೆ ಹೋಗುತ್ತದೆ. ಹಲ್ಲಿನ ಬುಡದಲ್ಲಿ ಬೂದುಬಣ್ಣದ ತೆಳು ನೆರಳು. ಪಕ್ಕದಲ್ಲಿ ಸಾಸಿವೆಕಾಳಿನಷ್ಟು ಕಪ್ಪು ತ್ರಿಕೋನ. ಬಂದ ನೆಂಟರಾರೂ ಗಮನಿಸಲಿಕ್ಕಿಲ್ಲ. ಆದರೆ ಕನ್ನಡಿ ಪ್ರತಿದಿನವೂ ನೆನಪಿಸುತ್ತದೆ.

ಇದಕ್ಕೆ ವೈದ್ಯನ ಅಜಾಗ್ರತೆಯೇ ಕಾರಣವಾಗಬೇಕಿಲ್ಲ. ಹುಟ್ಟುಹಲ್ಲಿನ ಬೇರಿನ ಸುತ್ತ ಸೂಕ್ಷ್ಮವಾದ ನಾರುಗಳ ಹಂದರವಿದೆ. ವಸಡಿನ ನಾರುಗಳೂ ಬೇರಿನ ಮೈಯೊಳಗೆ ನಾಟಿಕೊಂಡು ಅದನ್ನು ಬಿಗಿಹಿಡಿಯುತ್ತವೆ. ಹಂದರದೊಳಗಿನ ರಕ್ತನಾಳಗಳು ವಸಡಿಗೂ ನೆತ್ತರನ್ನುಣಿಸುತ್ತವೆ. ಲೋಹದ ಬೇರಿಗೆ ಈ ಹಂದರವಿಲ್ಲ. ಅಲ್ಲಿ ವಸಡಿನ ನಾರುಗಳು ಒಳಕ್ಕೆ ನಾಟದೆ ಕೊರಳಪಟ್ಟಿಯಂತೆ ಸುತ್ತುವರಿದು ನಿಲ್ಲುತ್ತವೆ. ನೆತ್ತರಿನ ಒಂದು ದಾರಿಯೇ ಮುಚ್ಚಿಹೋಗಿರುತ್ತದೆ. ಸಾಲದುದಕ್ಕೆ, ಹಲ್ಲು ಕಿತ್ತ ಕೆಲವೇ ತಿಂಗಳುಗಳಲ್ಲಿ ತುಟಿಯ ಕಡೆಯ ತೆಳ್ಳನೆಯ ಎಲುಬು ಕರಗುತ್ತದೆ. ಅದನ್ನು ಹೊದ್ದ ವಸಡೂ ಕುಗ್ಗುತ್ತದೆ. ವಸಡು ಸುಮಾರು 3 ಮಿಲಿಮೀಟರ್ ದಪ್ಪವಿದ್ದರೆ ಒಳಗಿನ ಲೋಹದ ಛಾಯೆ ಕಣ್ಣಿಗೆ ಬೀಳದು. 2ಕ್ಕಿಂತ ತೆಳುವಾದರೆ ಸುಲಭವಾಗಿ ಇಣುಕುತ್ತದೆ. ಹಲ್ಲುಗಳ ನಡುವಿನ ವಸಡಿನ ಮೊನೆಗೂ ಎಲುಬೇ ಆಧಾರ. ಹುಟ್ಟುಹಲ್ಲುಗಳೆರಡು ಪರಸ್ಪರ ತಾಗುವೆಡೆಯಿಂದ ಎಲುಬಿನ ಅಂಚು 5 ಮಿಲಿಮೀಟರ್ ಮೀರದಿದ್ದರೆ ಆ ಮೊನೆ ಸಂದನ್ನು ತುಂಬುತ್ತದೆ. ಎಲುಬು ತಗ್ಗಿದಷ್ಟೂ ಕಪ್ಪು ತ್ರಿಕೋನ ಉಳಿಯುವ ಸಂಭವ ಹೆಚ್ಚು.

ವಸಡೆಂದರೆ ಗುಲಾಬಿ ಬಣ್ಣವೇ ಇರಬೇಕೆಂದಲ್ಲ. ಈ ನಾಡಿನ ಎಷ್ಟೋ ಬಾಯಿಗಳಲ್ಲಿ ಅದು ಕಂದು, ಕೆಲವರಲ್ಲಿ ನೇರಳೆಹಣ್ಣಿನಂತೆ ಕಪ್ಪು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನೇ ಇದಕ್ಕೂ ಮೂಲ. ಹುಟ್ಟಿನಿಂದ ಬಂದ ಆ ಬಣ್ಣ ರೋಗವಲ್ಲ. ಆದುದರಿಂದ ಹೊಸ ಹಲ್ಲಿನ ವಸಡಿಗೆ ನೆರೆಯ ಹುಟ್ಟುಹಲ್ಲಿನ ವಸಡೇ ಒರೆಗಲ್ಲು. ಎರಡನ್ನೂ ಹೊಂದಿಸಲು ವೈದ್ಯರು ಅಂಗುಳಿನಿಂದ ಚೂರು ಕಸಿ ತೆಗೆದು ವಸಡನ್ನು ದಪ್ಪಗೊಳಿಸುವುದುಂಟು; ಬೇರಿಗೂ ಹಲ್ಲಿಗೂ ನಡುವಣ ಜೋಡಣೆಗೆ ಬೂದುಲೋಹವನ್ನು ಬಿಟ್ಟು ಬಿಳಿಯ ಜಿರ್ಕೋನಿಯಾ ಬಳಸುವುದೂ ಉಂಟು. ಇವೆಲ್ಲವೂ ಹಲ್ಲು ಕೀಳುವ ಮುನ್ನವೇ ಕೇಳಿ ತಿಳಿಯಬೇಕಾದ ವಿಷಯಗಳು.

ಬೂದುನೆರಳು ಅಂದದ ಪ್ರಶ್ನೆ, ಕೆಂಪು ಹಾಗಲ್ಲ. ಹುಟ್ಟುಹಲ್ಲಿನ ಹಂದರದಲ್ಲಿ ನರಗಳೂ ಇವೆ. ಅವು ಒತ್ತಡವನ್ನು ಅರಿಯುತ್ತವೆ, ನೋವನ್ನು ತಿಳಿಸುತ್ತವೆ. ಲೋಹದ ಬೇರಿಗೆ ಅಂಥ ದೂತರಿಲ್ಲ. ಅಲ್ಲಿ ಕೇಡು ಹೊಕ್ಕರೆ ಅನೇಕ ವೇಳೆ ನೋವಿಗಿಂತ ಮೊದಲು ಸುದ್ದಿ ತರುವುದು ವಸಡೇ: ಅದು ಕೆಂಪೇರುತ್ತದೆ, ಊದಿಕೊಳ್ಳುತ್ತದೆ, ಉಜ್ಜಿದಾಗ ನೆತ್ತರು ಒಸರುತ್ತದೆ. ಆಗಲೇ ವೈದ್ಯರ ಬಳಿಗೆ ಹೋದರೆ ಶುಚಿಗೊಳಿಸಿ ಗುಣಪಡಿಸುವುದು ಬಹುತೇಕ ಸಾಧ್ಯ. ನೋವಿಲ್ಲವಲ್ಲಾ ಎಂದು ಸುಮ್ಮನಿದ್ದರೆ, ಅಂದು ಲೋಹವನ್ನು ಅಪ್ಪಿಕೊಂಡ ಎಲುಬೇ ಕ್ರಮೇಣ ಕೈಬಿಟ್ಟೀತು. ಮುಗುಳ್ನಗೆಯಲ್ಲಿ ಮರೆಸಬಹುದಾದ ನೆರಳಿಗಾಗಿ ಕೊರಗುವವರು, ಮರೆಸಬಾರದ ಈ ಕೆಂಪನ್ನು ಮಾತ್ರ ಮರೆಯಬಾರದು.