ಅಂಡಮಾನಿನಲ್ಲಿ ಮುಳುಗು ಕಲಿತದ್ದು

ಹೋದ ವಾರ ಹಾಕಿದ ಫೋಟೋ ನೋಡಿ ಸುಮಾರು ಜನ ಕೇಳಿದ್ದೀರಿ, "ಅಡಿಕೆ ತೋಟದವರಿಗೆ ಸಮುದ್ರದ ತಳದಲ್ಲಿ ಏನು ಕೆಲಸ ಮಾರಾಯ್ರೆ?" ಅಂತ. ಕೆಲಸ ಏನೂ ಇರಲಿಲ್ಲ. ಸುಗ್ಗಿ ಮುಗಿದು ಅಡಿಕೆ ಮಂಡಿಗೆ ಹೋಗಿತ್ತು. ತೋಟಕ್ಕೆ ನೀರು ಬಿಡೋದನ್ನ ತಮ್ಮ ನೋಡಿಕೊಳ್ತೀನಿ ಅಂದ. ಮನೆಯವಳು "ನೀವು ಹೋಗಿ ಬನ್ನಿ, ನನಗಂತೂ ನೀರೊಳಗೆ ಇಳಿಯೋ ಆಸೆ ಇಲ್ಲ" ಅಂದಳು. ಹಾಗಾಗಿ 47ನೇ ವಯಸ್ಸಿನಲ್ಲಿ ಮೊದಲ ಸಲ ಒಬ್ಬನೇ ಆರು ದಿನ ಊರು ಬಿಟ್ಟೆ. ಖರ್ಚು ಕೇಳಿದವರಿಗೆ: ಎಲ್ಲಾ ಸೇರಿ ಒಂದೂವರೆ ಕ್ವಿಂಟಾಲ್ ರಾಶಿ ಅಡಿಕೆ.

ಹತ್ತಿರದಲ್ಲೇ ನೇತ್ರಾಣಿ ಇದೆಯಲ್ಲ ಅಂತ ಕೆಲವರು ಹೇಳಿದ್ದೀರಿ. ನಿಜ. ಮುರುಡೇಶ್ವರದಿಂದ ದೋಣಿ ಹತ್ತಿ ಎರಡು ವರ್ಷದ ಹಿಂದೆ ಅಲ್ಲಿ ಅರ್ಧ ಗಂಟೆ ಇಳಿದಿದ್ದೆ. ಆದರೆ ಅಲ್ಲಿ ಕಲಿಸುವವನು ಹಿಂದಿನಿಂದ ನಮ್ಮ ಸಿಲಿಂಡರ್ ಹಿಡಿದುಕೊಂಡು ಎಳೆಗೂಸಿನ ಥರ ತಿರುಗಾಡಿಸಿ ತರ್ತಾನೆ. ನೋಡಿದ್ದಾಯ್ತು, ಕಲಿತ ಹಾಗಾಗಲಿಲ್ಲ. ಈ ಸಲ ಹೋದದ್ದು ನಾಲ್ಕು ದಿನದ ಕೋರ್ಸಿಗೆ. ಅದು ಮುಗಿದರೆ 18 ಮೀಟರ್ ಆಳದವರೆಗೆ ಇಳಿಯಬಹುದು.

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ವಿಮಾನ, ಅಲ್ಲಿಂದ ಹಡಗಿನಲ್ಲಿ ಹ್ಯಾವ್‌ಲಾಕ್. 2018ರಿಂದ ಅದರ ಹೆಸರು ಸ್ವರಾಜ್ ದ್ವೀಪ, ಆದರೆ ಬಾಯಲ್ಲಿ ಹ್ಯಾವ್‌ಲಾಕೇ ಉಳಿದಿದೆ. ಇಳಿದ ಕೂಡಲೇ ಕಂಡದ್ದು ಏನು ಗೊತ್ತಾ? ಅಡಿಕೆ ಮರ! ದೇಶ ಇಬ್ಭಾಗವಾದ ಮೇಲೆ ಪೂರ್ವ ಬಂಗಾಳದಿಂದ ಬಂದವರನ್ನ ಸರ್ಕಾರ ಅಲ್ಲಿ ನೆಲೆ ನಿಲ್ಲಿಸಿತ್ತು. ಗೋವಿಂದನಗರ, ವಿಜಯನಗರ, ರಾಧಾನಗರ ಎಲ್ಲಾ ಅವರ ಊರುಗಳು. ಮನೆ ಸುತ್ತ ತೆಂಗು, ಬಾಳೆ, ಅಡಿಕೆ ಒಟ್ಟೊಟ್ಟಿಗೆ. ನಾನು ಉಳಿದ ರೂಮಿನ ಯಜಮಾನರೂ ಅಡಿಕೆಯವರೇ. ಅವರ ಹಿಂದಿ, ನನ್ನ ಹಿಂದಿ ಎರಡೂ ಅಷ್ಟಕ್ಕಷ್ಟೆ. ಆದರೂ ರೇಟು ಕೇಳೋಕೆ, ಮಳೆಗೆ ಬೈಯೋಕೆ ಸಾಕಾಯ್ತು.

ಮೊದಲ ದಿನ ಒಂದು ಫಾರಂ ತುಂಬಿಸಿದರು. ಆಸ್ತಮಾ ಇದೆಯಾ, ಹೃದಯದ ತೊಂದರೆ ಇದೆಯಾ, ಕಿವಿ ಹೇಗಿದೆ. ಆಮೇಲೆ 200 ಮೀಟರ್ ಈಜು, 10 ನಿಮಿಷ ತೇಲೋದು. ಊರ ಕೆರೆಯಲ್ಲಿ ಬೆಳೆದವನಿಗೆ ಅದೇನೂ ಕಷ್ಟ ಆಗಲಿಲ್ಲ. ಕಷ್ಟ ಆದದ್ದು ಕೆರೆಯ ಅಭ್ಯಾಸ ಬಿಡೋದು. ನಾವೆಲ್ಲ ಯಾರು ಜಾಸ್ತಿ ಹೊತ್ತು ಉಸಿರು ಕಟ್ತಾರೆ ಅಂತ ಪಂದ್ಯ ಕಟ್ಟಿ ಬೆಳೆದವರು. ಸ್ಕೂಬಾದಲ್ಲಿ ಮೊದಲ ನಿಯಮವೇ ಉಸಿರು ಕಟ್ಟಬಾರದು ಅನ್ನೋದು. ಕಾರಣ ಸರಳ. ಪ್ರತಿ 10 ಮೀಟರ್ ಇಳಿದ ಹಾಗೆ ಮೇಲಿನ ಇಡೀ ವಾತಾವರಣದಷ್ಟು ಒತ್ತಡ ಇನ್ನೊಂದು ಸೇರುತ್ತೆ. 10 ಮೀಟರ್ ಆಳದಲ್ಲಿ ಎದೆ ತುಂಬ ಗಾಳಿ ಎಳೆದು, ಬಾಯಿ ಮುಚ್ಚಿಕೊಂಡು ಮೇಲೆ ಬಂದರೆ ಅದೇ ಗಾಳಿ ಎರಡರಷ್ಟು ಉಬ್ಬುತ್ತೆ. ಶ್ವಾಸಕೋಶ ಹರಿಯುತ್ತೆ. ಕಿವಿಗೂ ಹಾಗೇ. ಆಗುಂಬೆ ಘಾಟಿ ಇಳಿವಾಗ ಕಿವಿ ಕಟ್ಟುತ್ತಲ್ಲ, ಅಲ್ಲಿ ಒಂದೊಂದು ಮೀಟರಿಗೂ ಅದೇ ಪಾಡು. ಮೂಗು ಹಿಡಿದು ಮೆಲ್ಲಗೆ ಊದಿ ಬಿಡಿಸಿಕೊಳ್ತಾ ಇಳಿಯಬೇಕು.

ಕಲಿಸಿದವಳು ಚೆನ್ನೈ ಕಡೆಯ ಹುಡುಗಿ, ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ದಡದ ಮೇಲೆ ಅಂಕಲ್ ಅಂಕಲ್ ಅಂತಿದ್ದಳು, ನೀರಿಗಿಳಿದರೆ ಕಣ್ಣಲ್ಲೇ ಗದರೋಳು. ನಾನು ಒಬ್ಬನೇ ಬಂದದ್ದು ಅಂದಾಗ ಹೇಳಿದಳು, "ದ್ವೀಪಕ್ಕೆ ಒಬ್ಬರೇ ಬರಬಹುದು ಅಂಕಲ್, ನೀರಿಗೆ ಒಬ್ಬರೇ ಇಳಿಯೋ ಹಾಗಿಲ್ಲ." ಪುಣೆಯಿಂದ ಒಬ್ಬನೇ ಬಂದಿದ್ದ ಒಬ್ಬ ಕಂಪ್ಯೂಟರ್ ಹುಡುಗನನ್ನ ನನಗೆ ಜೋಡಿ ಮಾಡಿದಳು.

ಈ ಜೋಡಿ ಅನ್ನೋದು ಬರೀ ಮಾತಿಗಲ್ಲ. ಇಳಿಯೋ ಮೊದಲು ಅವನ ಸಾಮಾನು ನಾನು, ನನ್ನದು ಅವನು ಕೈಯಾಡಿಸಿ ನೋಡಬೇಕು. ಜಾಕೆಟ್ಟಿಗೆ ಗಾಳಿ ತುಂಬುತ್ತಾ, ಸೀಸದ ತೂಕ ಸರಿಯಾಗಿ ಕೂತಿದೆಯಾ, ಬಕಲ್ ಹಾಕಿದೆಯಾ, ಸಿಲಿಂಡರ್ ಪೂರ್ತಿ ತೆರೆದಿದೆಯಾ. ತುಂಬಿದ ಸಿಲಿಂಡರ್ ಅಂದ್ರೆ 200 ಬಾರ್. ಮೀಟರ್ ಮುಳ್ಳು ನೋಡ್ತಾ ನಾಲ್ಕು ಉಸಿರು ಎಳೆಯಬೇಕು. ಮುಳ್ಳು ಹಿಂದೆ ಮುಂದೆ ಓಲಾಡಿದರೆ ವಾಲ್ವ್ ಅರ್ಧ ಮುಚ್ಚಿದೆ ಅಂತ. ಮೊದಲ ದಿನ ಎಷ್ಟು ಶ್ರದ್ಧೆಯಿಂದ ಮಾಡಿದೆವೋ ಕೊನೆಯ ದಿನವೂ ಅಷ್ಟೇ ಮಾಡಿಸಿದಳು. ನಮ್ಮಲ್ಲಾದರೆ ಎರಡನೇ ದಿನಕ್ಕೇ "ಅದೆಲ್ಲ ಸರಿ ಇದೆ, ಬಾ" ಅಂತ ಆಗಿರೋದು.

ಮೂರನೇ ದಿನ, ಸುಮಾರು ಏಳು ಮೀಟರ್ ಆಳದಲ್ಲಿ ಗಾಳಿ ಹಂಚಿಕೊಳ್ಳೋ ಅಭ್ಯಾಸ. ಕತ್ತು ಕೊಯ್ಯುವ ಹಾಗೆ ಕೈ ಆಡಿಸಿದರೆ ಗಾಳಿ ಮುಗಿದಿದೆ ಅಂತ ಅರ್ಥ. ನಾನು ಆಡಿಸಿದೆ, ನನ್ನ ಬಾಯಿಂದ ನಳಿಗೆ ತೆಗೆದೆ. ಅವನ ಹತ್ತಿರ ಇರೋ ಎರಡನೇ ನಳಿಗೆ ನನ್ನ ಬಾಯಿಗೆ ಬರೋದಕ್ಕೆ ಎರಡೋ ಮೂರೋ ಸೆಕೆಂಡ್. ಅಷ್ಟರಲ್ಲಿ ನನಗೆ ಸಮುದ್ರ ಮರೆತೇ ಹೋಯ್ತು, ಪಕ್ಕದೂರಿನ ಬಾವಿ ಕಣ್ಣಿಗೆ ಬಂತು.

ಹಳಬರಿಗೆ ಗೊತ್ತಿರುತ್ತೆ. ಬಹಳ ದಿನ ಮುಚ್ಚಿಟ್ಟ ಬಾವಿ. ಮೋಟರ್ ನೋಡೋಕೆ ಅಂತ ಒಬ್ಬ ಇಳಿದ. ಕೂಗಲೂ ಇಲ್ಲ, ಕುಸಿದ. ಅವನನ್ನ ಎತ್ತೋಕೆ ಇನ್ನೊಬ್ಬ ಹಾರಿದ. ಸಂಜೆ ಇಬ್ಬರನ್ನೂ ಒಂದೇ ಜೀಪಿನಲ್ಲಿ ತಂದರು. ಕೊಳೆತ ಸೊಪ್ಪು ಸದೆ ಬಾವಿಯ ಆಮ್ಲಜನಕ ತಿಂದು ಬಿಟ್ಟಿರುತ್ತೆ. ಗಾಳಿಗಿಂತ ಭಾರದ ಅನಿಲ ತಳದಲ್ಲಿ ನಿಂತಿರುತ್ತೆ. ಕಣ್ಣಿಗೆ ಕಾಣಲ್ಲ, ಎಷ್ಟೋ ಸಲ ವಾಸನೆಯೂ ಇರಲ್ಲ. ಎರಡನೆಯವನ ಧೈರ್ಯ ಕಮ್ಮಿ ಇತ್ತಾ? ಇಲ್ಲ. ಅವನ ಹತ್ತಿರ ಇರಬೇಕಾಗಿದ್ದದ್ದು ಹಗ್ಗ, ಮತ್ತೆ ಇಳಿಯಬೇಡ ಅಂತ ರಟ್ಟೆ ಹಿಡಿದು ನಿಲ್ಲಿಸೋ ಒಬ್ಬ ಮನುಷ್ಯ. ಪುಣೆ ಹುಡುಗನ ನಳಿಗೆಯಲ್ಲಿ ಮೊದಲ ಉಸಿರು ಎಳೆದಾಗ ನನ್ನ ಕಣ್ಣಲ್ಲಿ ನೀರು ಬಂತು. ಮಾಸ್ಕ್ ಒಳಗೆ ಯಾರಿಗೂ ಕಾಣಲ್ಲ, ಅದೊಂದು ಅನುಕೂಲ.

ಇನ್ನು ನೋಡಿದ್ದರ ಬಗ್ಗೆ. ಹವಳ ಅಂದ್ರೆ ಕಲ್ಲೂ ಅಲ್ಲ, ಗಿಡವೂ ಅಲ್ಲ, ಪ್ರಾಣಿ. ತನ್ನ ಮೈಯೊಳಗೆ ಸೂಕ್ಷ್ಮ ಪಾಚಿ ಸಾಕಿಕೊಂಡಿರುತ್ತೆ. ಪಾಚಿ ಬಿಸಿಲಲ್ಲಿ ಸಕ್ಕರೆ ಮಾಡಿ ಕೊಡುತ್ತೆ, ಹವಳ ಅದಕ್ಕೆ ಜಾಗ, ಗೊಬ್ಬರ ಕೊಡುತ್ತೆ. ನೀರು ಮಾಮೂಲಿಗಿಂತ ಒಂದೆರಡು ಡಿಗ್ರಿ ಬಿಸಿಯಾಗಿ ವಾರಗಟ್ಟಲೆ ನಿಂತರೆ ಹವಳ ಆ ಪಾಚಿಯನ್ನ ಹೊರಗೆ ಹಾಕಿ ಬೆಳ್ಳಗಾಗುತ್ತೆ. ಬೇಗ ತಣ್ಣಗಾದರೆ ಚೇತರಿಸಿಕೊಳ್ಳುತ್ತೆ, ಇಲ್ಲಾಂದ್ರೆ ಉಪವಾಸ ಬಿದ್ದು ಸಾಯುತ್ತೆ. 2010ರಲ್ಲಿ ಅಂಡಮಾನಿನ ಸುತ್ತ ಹೀಗೇ ದೊಡ್ಡ ನಾಶ ಆಯ್ತು. ನಾನು ಇಳಿದ ಕಡೆ ಸತ್ತ ಹವಳದ ಚೂರು ಸುಗ್ಗಿ ಮುಗಿದ ಕಣದ ಹಾಗೆ ಹರಡಿತ್ತು, ನಡುನಡುವೆ ಮುಷ್ಟಿ ಗಾತ್ರದ ಹೊಸ ಹವಳ. ಗಿಳಿಮೀನು ಹವಳ ಕೆರೆದು ತಿನ್ನೋ ಕಟಕಟ ಸದ್ದು ನೀರೊಳಗೆ ಚೆನ್ನಾಗಿ ಕೇಳುತ್ತೆ. ತಿಂದದ್ದು ಹಿಂದಿನಿಂದ ಮರಳಾಗಿ ಬೀಳುತ್ತೆ. ಜನ ಫೋಟೋ ಹೊಡೆಸಿಕೊಳ್ಳೋ ಬಿಳಿ ಮರಳಿನಲ್ಲಿ ಒಂದು ಪಾಲು ಅದೇ.

ಅಮ್ಮ ಹೊರಡುವಾಗ ಕೈಗೆ ಕೆಂಪು ದಾರ ಕಟ್ಟಿದ್ದರು. 12 ಮೀಟರಿನಲ್ಲಿ ನೋಡಿದರೆ ಅದು ಕಂದೂ ಅಲ್ಲ, ಬೂದಿಯೂ ಅಲ್ಲದ ಬಣ್ಣ. ನೀರು ಮೊದಲು ನುಂಗೋದು ಕೆಂಪನ್ನೇ. ಅವಸರ ಇಲ್ಲದೆ ಮೇಲೆ ಬರ್ತಾ, 5 ಮೀಟರಿನಲ್ಲಿ ನಿಯಮದ ಪ್ರಕಾರ ಮೂರು ನಿಮಿಷ ನಿಂತು, ತಲೆ ಹೊರಗೆ ಹಾಕಿದಾಗ ದಾರ ಮತ್ತೆ ಕೆಂಪು.

ಕೊನೆಯ ಮುಳುಗಿನ ನಂತರ 18 ಗಂಟೆ ವಿಮಾನ ಹತ್ತಬಾರದು. ರಕ್ತದಲ್ಲಿ ಕರಗಿದ ಸಾರಜನಕ ಹೊರಗೆ ಹೋಗೋಕೆ ಸಮಯ ಬೇಕು. ಆ ಒಂದು ದಿನ ಯಜಮಾನರ ಅಡಿಕೆ ತೋಟದಲ್ಲೇ ಕಳೆದೆ.

ಈಗ ಊರಿನ ವಿಷಯ. ಮುಂದಿನ ಸೋಮವಾರ ನಮ್ಮ ಕೆಳಗಿನ ತೋಟದ ಬಾವಿಯ ಹೂಳು ತೆಗೆಸ್ತಾ ಇದ್ದೀನಿ. ಹಿಂದಿನ ದಿನವೇ ಮುಚ್ಚಳ ತೆಗೆದು, ಬೆಳಗ್ಗೆ ಬ್ಲೋವರ್ ಹಾಕಿ ಗಾಳಿ ಊದಿಸಿ, ಮೊದಲು ಲಾಟೀನು ಇಳಿಸೋದು. ಆರಿದರೆ ಅವತ್ತು ಕೆಲಸ ಇಲ್ಲ. ಆರದಿದ್ದರೂ ಇಳಿಯುವವನ ಸೊಂಟಕ್ಕೆ ಬೆಲ್ಟು, ಹಗ್ಗ. ಹಗ್ಗ ಹಿಡಿದು ಮೇಲೆ ಇಬ್ಬರು, ಅವರಿಗೆ ಬೇರೆ ಕೆಲಸ ಹೇಳೋ ಹಾಗಿಲ್ಲ. ಒಳಗಿದ್ದವನು ಮಾತಿಗೆ ಓ ಅನ್ನದಿದ್ದರೆ ಎಳೆಯೋದು, ಹಿಂದೆ ಯಾರೂ ಇಳಿಯೋದಿಲ್ಲ. ಮಳೆಗೆ ಮುಂಚೆ ಬೋರ್ಡೋ ಹೊಡೆಯೋಕೂ ಇನ್ನು ಮೇಲೆ ಮರ ಹತ್ತುವವನ ಬುಡದಲ್ಲಿ ಒಬ್ಬ ಇರಲೇಬೇಕು.

ಕೊನೆಗಾರನಿಗೆ ಇದನ್ನ ಹೇಳಿದೆ. ಕವಳ ಉಗಿದು ಬಂದು ಕೇಳಿದ, "ಸುಮ್ಮನೆ ನಿಂತು ನೋಡುವವನಿಗೂ ಪೂರ್ತಿ ಸಂಬಳವಾ ಅಣ್ಣ?"

"ಪೂರ್ತಿ" ಅಂದೆ.

"ಹಾಗಾದ್ರೆ ನನ್ನ ತಮ್ಮನ್ನ ಕರ್ಕೊಂಡು ಬರ್ತೀನಿ" ಅಂದ.